ಸೊಂಟ ನೇರ ಇರಲಿ

ಸಂಕರ್ಷಣ ರಾಯರು ಜಿಮ್ಮಿಗೆ ಸೇರಿ ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಅವರ ಹೊಟ್ಟೆ ಒಂದಿಂಚೂ ಹಿಂದೆ ಸರಿದಿರಲಿಲ್ಲ. ಬೆಳೆದದ್ದು ಜ್ಞಾನ ಮಾತ್ರ. ಯಾರು ಡಂಬೆಲ್ ಹೇಗೆ ಹಿಡಿಯಬೇಕು, ಯಾರ ಮಂಡಿ ಎಲ್ಲಿಗೆ ಬರಬೇಕು, ಯಾರು ಯಾವಾಗ ಉಸಿರು ಬಿಡಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ತಾವು ಏನನ್ನು ಎತ್ತಬೇಕೆಂಬುದೊಂದು ಮರೆತುಹೋಗಿತ್ತು.

ಅವರದೂ ತಪ್ಪಲ್ಲ ಬಿಡಿ. ಮಹಾಪೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸವೆಂದರೆ, ತಯಾರಾಗಿ ಬಂದ ನಲ್ಲಿಗಳನ್ನು ತಿರುಗಿಸಿ ನೋಡಿ 'ರಿಜೆಕ್ಟ್' ಎಂದು ಕೆಂಪು ಚೀಟಿ ಅಂಟಿಸುವುದು. ದಿನಕ್ಕೆ ಎಂಟು ಗಂಟೆ ಸಂಬಳ ತೆಗೆದುಕೊಂಡು ತಪ್ಪು ಹುಡುಕುವ ಮನುಷ್ಯ ಉಳಿದ ಹೊತ್ತಿನಲ್ಲಿ ಪುಕ್ಕಟೆಯಾಗಿ ಹುಡುಕಿದರೆ ಅದನ್ನು ಸಮಾಜಸೇವೆ ಎನ್ನಬೇಕು. ಆದರೆ ಡೊಂಬಿವ್ಲಿ ಸ್ಟೇಷನ್ನಿನ ಎದುರಿನ ಆ ಜಿಮ್ಮಿನಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಮಾಲಕ ಲತೀಶ್ ಶೆಟ್ಟಿ ಗೋಡೆಗೆ ಒಂದು ಬೋರ್ಡು ಹಾಕಿಸಿದ್ದ: ಕೇಳದೆ ಯಾರೂ ಯಾರಿಗೂ ಸಲಹೆ ಕೊಡಬಾರದು. ಮೊದಲು ಮರಾಠಿಯಲ್ಲಿ ಹಾಕಿಸಿದ, ಆಮೇಲೆ ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕಳೆದ ತಿಂಗಳು ಒಬ್ಬರೇ ಒಬ್ಬ ಸದಸ್ಯರಿಗಾಗಿ ಕನ್ನಡದಲ್ಲೂ ಹಾಕಿಸಿದ. ರಾಯರು ಅದನ್ನು ಓದಿ, "ಸಲಹೆಯ ಳ-ಲ ಸರಿ ಉಂಟು ಮಾರಾಯ, ಆದರೆ ಬೋರ್ಡು ಓರೆಯಾಗಿದೆ" ಎಂದು ಹೇಳಿ ಹೋದರು.

ಅದು ಪಿತೃಪಕ್ಷದ ಭಾನುವಾರ. ರಾಯರ ತಂದೆಯ ತಿಥಿ ಅವತ್ತೇ ಬಿದ್ದಿತ್ತು. ಇಪ್ಪತ್ತೆರಡು ವರ್ಷ ಪಕ್ಷದ ಶ್ರಾದ್ಧವನ್ನು ಠಾಣೆಯ ಮನೆಯಲ್ಲಿ ಅಣ್ಣ ವಾಸಣ್ಣನೇ ಮಾಡಿದ್ದ. ತಮ್ಮನಾದವನು ಪಕ್ಕದಲ್ಲಿ ಕೂತು ಚೊಂಬು ಕೊಡುವುದು, ದರ್ಭೆ ಕೊಡುವುದು, ಬೈಸಿಕೊಳ್ಳುವುದು. "ಚೊಂಬು ಹಾಗೆ ಹಿಡಿಯುವುದಾ? ನಿನಗೆ ಯಾವ ಕೆಲಸ ಬರ್ತದೆ ಹೇಳು" ಎಂಬುದು ವಾಸಣ್ಣನ ಪ್ರತಿವರ್ಷದ ಮಂತ್ರ. ಈ ಸಲ, ಏಣಿ ಹೇಗೆ ಹತ್ತಬೇಕೆಂದು ಪೈಂಟರನಿಗೆ ತೋರಿಸಲು ಹೋಗಿ ವಾಸಣ್ಣ ಮೇಲಿಂದ ಬಿದ್ದು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಹಾಗಾಗಿ ಶ್ರಾದ್ಧ ಮೊದಲ ಬಾರಿಗೆ ಡೊಂಬಿವ್ಲಿಗೆ, ಸಂಕರ್ಷಣ ರಾಯರ ಮನೆಗೆ ಬಂದಿತ್ತು. ಒಂದೇ ಒಂದು ತಪ್ಪಿಲ್ಲದೆ ಮಾಡಿ, ಅಣ್ಣನ ಬಾಯಿಂದ "ಚೆನ್ನಾಗಿ ಮಾಡಿದೆ" ಅನ್ನಿಸಿಕೊಳ್ಳಬೇಕು. ಐವತ್ತೆರಡನೆಯ ವಯಸ್ಸಿನಲ್ಲಿ ರಾಯರಿಗೆ ಬೇಕಾಗಿದ್ದದ್ದು ಇಷ್ಟೇ.

"ಇವತ್ತೂ ಜಿಮ್ಮಾ ನಿಮಗೆ?" ಬೆಳಿಗ್ಗೆ ಐದೂವರೆಗೆ ಹೆಂಡತಿ ಶ್ರೀಮತಿ ಮಡಿಯುಟ್ಟು ಅಡಿಗೆಮನೆಯಿಂದಲೇ ಕೇಳಿದಳು.

"ನೀನು ಮಡಿಯಲ್ಲಿದ್ದಿ. ನಾನು ಇಲ್ಲಿದ್ದರೆ ಅದು ಮುಟ್ಟಿದೆ ಇದು ಮುಟ್ಟಿದೆ ಅಂತ ಬೈತಿ. ಒಂದು ಗಂಟೆ ಹೋಗಿಬಂದು ಸ್ನಾನ ಮಾಡ್ತೇನೆ."

"ಬಾಯಿ ಮನೆಯಲ್ಲಿಟ್ಟು ಹೋಗಿ" ಎಂದಳು ಶ್ರೀಮತಿ.

ರಾಯರು ನಿಜಕ್ಕೂ ಬಾಯಿ ಬಿಗಿದುಕೊಂಡೇ ಹೋದರು. ಕಾಲು ಗಂಟೆ ಸೈಕಲ್ ತುಳಿದರು. ಪಕ್ಕದಲ್ಲಿ ಒಬ್ಬಳು ಕತ್ತು ತಪ್ಪಾಗಿ ಇಟ್ಟಿದ್ದಳು, ಸುಮ್ಮನಿದ್ದರು. ಎದುರಿಗೆ ಒಬ್ಬ ಉಸಿರು ಹಿಡಿದು ತೂಕ ಎತ್ತುತ್ತಿದ್ದ, ಕಣ್ಣು ಮುಚ್ಚಿಕೊಂಡರು. ಆದರೆ ಮೂಲೆಯಲ್ಲಿ ಟೋಪಿ ಹಾಕಿಕೊಂಡ ಹುಡುಗನೊಬ್ಬ ನೆಲದ ಮೇಲಿನ ಬಾರನ್ನು ಬಗ್ಗಿ ಎತ್ತುವ ಡೆಡ್‌ಲಿಫ್ಟಿಗೆ ಶುರುಮಾಡಿದ್ದನಲ್ಲ, ಅವನ ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಒಂದು ಸಲ ಎತ್ತಿದ. ಎರಡು ಸಲ ಎತ್ತಿದ. ಮೂರನೆಯ ಸಲಕ್ಕೆ ರಾಯರಿಗೆ ತಡೆಯಲಾಗಲಿಲ್ಲ. ದೇವರೇ, ಕಣ್ಣೆದುರಿಗೆ ಸೋರುವ ನಲ್ಲಿಯನ್ನು ಪಾಸು ಮಾಡುವುದು ಹೇಗೆ?

"ಬೇಟಾ, ಸೊಂಟ ನೇರ ಇರಲಿ, ಪೀಠ್ ಸೀದಾ! ಮಂಡಿ ಮಡಚು. ಬಾರ್ ಕಾಲಿಗೆ ತಾಗಿಕೊಂಡೇ ಮೇಲೆ ಬರಬೇಕು" ಎನ್ನುತ್ತ ಹೋಗಿ ಅವನ ಬೆನ್ನಿನ ಮೇಲೆ ಕೈಯಿಟ್ಟರು.

ಕಿವಿಯಲ್ಲಿ ಹಾಡು ಕೇಳುತ್ತಿದ್ದ ಹುಡುಗ ಬೆಚ್ಚಿಬಿದ್ದ. "ಅಯ್ಯೋ!" ಎಂದು ಬಾರನ್ನು ಧಡ್ಡೆಂದು ಕೆಳಗೆ ಬಿಟ್ಟು, ಸೊಂಟ ಹಿಡಿದುಕೊಂಡು ಬೆಂಚಿನ ಮೇಲೆ ಕೂತ.

ಲತೀಶ್ ಶೆಟ್ಟಿ ಕೌಂಟರಿನಿಂದ ಎದ್ದು ಬಂದ. "ರಾಯರೇ! ನಿಮ್ಮ ಕಾಲಿಗೆ ಬೀಳ್ತೇನೆ ಮಾರಾಯ್ರೆ. ಬೋರ್ಡು ನಾಲ್ಕು ಭಾಷೆಯಲ್ಲಿ ಉಂಟು. ಐದನೆಯದು ತುಳುವಿನಲ್ಲಿ ಹಾಕ್ಲಾ?"

ರಾಯರು ಟವೆಲ್ಲು, ಬಾಟಲಿ ಎತ್ತಿಕೊಂಡು ಹಿಂದೆ ತಿರುಗಿ ನೋಡದೆ ಮೆಟ್ಟಿಲಿಳಿದರು. ಆಗ ಏಳಕ್ಕೆ ಹತ್ತು ನಿಮಿಷವಿತ್ತು.

ಎಂಟು ಗಂಟೆಗೆ ವಾಸಣ್ಣ ಬಂದ. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿಗೆ ಹೆದರಿ ಆರಕ್ಕೇ ಠಾಣೆಯಲ್ಲಿ ರೈಲು ಹತ್ತಿದ್ದನಂತೆ. "ಬೇಗ ತಲುಪಿದೆ. ನಿಮ್ಮ ಮಡಿ ಅಡಿಗೆಗೆ ಯಾಕೆ ತೊಂದರೆ ಅಂತ ಸ್ಟೇಷನ್ ಹತ್ತಿರವೇ ಹೊತ್ತು ಕಳೆದೆ" ಎಂದ. ಬಂದವನೇ ಚಪ್ಪಲಿ ಸ್ಟ್ಯಾಂಡು ತಪ್ಪು ಜಾಗದಲ್ಲಿದೆಯೆಂದು ಹೇಳಿ, ಬಾಗಿಲಿನ ಪಕ್ಕದಿಂದ ಕಿಟಕಿಯ ಕೆಳಗೆ ಇಡಿಸಿದ.

ಎಂಟೂವರೆಗೆ ಫೋನು ಬಂತು. ಶ್ರೀಮತಿ ಮಡಿಯಲ್ಲಿ ಫೋನು ಮುಟ್ಟುವಂತಿಲ್ಲ. ಮಗಳು ಶ್ರೀಪ್ರಿಯಾ ಸ್ಪೀಕರಿಗೆ ಹಾಕಿ, ತಾಯಿಯ ಕಡೆಗೆ ಕೈ ಚಾಚಿ ಹಿಡಿದಳು. ಠಾಕುರ್ಲಿಯ ಭಟ್ಟರು, ವಿಶ್ರುತ ಆಚಾರ್ಯ. ಶ್ರೀಮತಿ ಮಠದಲ್ಲಿ ವಿಚಾರಿಸಿ, ಫೋನಿನಲ್ಲೇ ಗೊತ್ತುಮಾಡಿದ ಹೊಸಬರು. ಪೌರೋಹಿತ್ಯಕ್ಕೂ ಶ್ರಾದ್ಧದ ಊಟಕ್ಕೂ ಅವರೊಬ್ಬರೇ.

"ಆಂಟಿ, ಸಾರಿ. ನನಗೆ ಬರ್ಲಿಕ್ಕೆ ಆಗೋದಿಲ್ಲ. ಬೆಳಿಗ್ಗೆ ಡೊಂಬಿವ್ಲಿಯಲ್ಲಿ ಜಿಮ್ಮಿಗೆ ಹೋಗಿದ್ದೆ. ಯಾರೋ ಒಬ್ಬರು ಅಂಕಲ್ ಬಂದು, ಹೀಗಲ್ಲ ಹಾಗೆ ಮಾಡು ಅಂತ ಬೆನ್ನು ಒತ್ತಿಬಿಟ್ರು. ಸೊಂಟ ಪೂರಾ ಜಾಮ್. ಏಳ್ಲಿಕ್ಕೇ ಆಗ್ತಿಲ್ಲ."

ಸಂಕರ್ಷಣ ರಾಯರು ಗೋಡೆ ಹಿಡಿದುಕೊಂಡರು. ಜಿಮ್ಮಿಗೆ ಬರುವ ಭಟ್ಟರು! ಚಡ್ಡಿ ಹಾಕಿಕೊಂಡ ಭಟ್ಟರು! ಟೋಪಿಯ ಒಳಗೆ ಜುಟ್ಟಿದೆಯೆಂದು ಯಾವ ಇನ್‌ಸ್ಪೆಕ್ಟರಿಗೆ ತಾನೇ ಗೊತ್ತಾಗಬೇಕು?

"ಕೌನ್ ಥೇ ವೋ ಅಂಕಲ್?" ಶ್ರೀಪ್ರಿಯಾ ಕೇಳಿದಳು.

"ಪತಾ ನಹೀ ಯಾರ್. ಕೋಯಿ ಸೀನಿಯರ್ ಸಿಟಿಜನ್."

ಅಷ್ಟು ಭಯದ ನಡುವೆಯೂ ರಾಯರಿಗೆ ಆ ಮಾತು ಚುಚ್ಚಿತು. ಐವತ್ತೆರಡಕ್ಕೇ ಸೀನಿಯರ್ ಸಿಟಿಜನ್ನೇ?

ಶ್ರೀಮತಿಯ ಬಾಯಿ ತೆರೆಯಿತು. "ಅವನ ಬಾಯಿಗೆ ಬೀಗ ಬೀಳ್ಲಿಕ್ಕೆ! ಮನೆಯಲ್ಲಿ ಹೇಳುವವರು ಕೇಳುವವರು ಇಲ್ವಾ ಆ ಮುದುಕನಿಗೆ? ಅವನ ಹೆಂಡತಿ ಹೇಗೆ ಸಹಿಸ್ತಾಳೋ!"

"ಹ್ಞೂಂ, ಪಾಪ" ಎಂದರು ರಾಯರು.

ವಾಸಣ್ಣ ಮಾತ್ರ ಎಂದೂ ಇಲ್ಲದ ಶಾಂತಿಯಿಂದ, "ಹೋಗಲಿ ಬಿಡಮ್ಮ. ಅವನೂ ಒಳ್ಳೆಯದಕ್ಕೇ ಹೇಳಿರಬಹುದು. ಹಿರಿಯರಾದವರು ತಪ್ಪು ಕಂಡರೆ ತಿದ್ದಬೇಕಲ್ಲ" ಎಂದ. ರಾಯರಿಗೆ ಅಣ್ಣನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. ಇಷ್ಟು ದೊಡ್ಡ ಮನಸ್ಸು ಇವನಿಗೆ ಇದೆಯೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡರು.

ಬೇರೆ ಭಟ್ಟರನ್ನು ಹುಡುಕುವ ಕೆಲಸ ಶುರುವಾಯಿತು. ಪಿತೃಪಕ್ಷದ ಭಾನುವಾರ ಡೊಂಬಿವ್ಲಿಯಲ್ಲಿ ಖಾಲಿ ಲೋಕಲ್ ರೈಲು ಸಿಕ್ಕೀತು, ಖಾಲಿ ಭಟ್ಟರು ಸಿಗುವುದಿಲ್ಲ. ಕಲ್ಯಾಣದವರು ಮೂರು ಮನೆ ಒಪ್ಪಿಕೊಂಡಿದ್ದರು. ಉಲ್ಹಾಸನಗರದವರು ಫೋನೆತ್ತಿ ಮಂತ್ರದ ನಡುವೆಯೇ "ಬುಧವಾರ?" ಎಂದು ಕೇಳಿ ಇಟ್ಟರು. ವಾಶಿಯವರ ಫೋನು ಅವರ ಹೆಂಡತಿ ಎತ್ತಿದಳು. ತನ್ನ ಮಾವನ ತಿಥಿಗೇ ಗಂಡ ಸಿಕ್ಕಿಲ್ಲವೆಂದು ಆಕೆಯೇ ಗೋಳಿಟ್ಟಳು. ಹತ್ತು ಗಂಟೆಯಾಯಿತು. ಅಡಿಗೆಮನೆಯಲ್ಲಿ ಪಾಯಸ ತಣ್ಣಗಾಗುತ್ತಿತ್ತು. ತಿಥಿ ಯಾರಿಗೂ ಕಾಯುವುದಿಲ್ಲ. ರಾಯರಿಗೆ ಅಪ್ಪ ಬಂದು ಬಾಗಿಲಲ್ಲಿ ಕಾದು, ಹಸಿದು ಹಿಂದಿರುಗಿದ ಹಾಗೆ ಅನ್ನಿಸಿತು. ಬದುಕಿದ್ದಾಗ ಅವರು ಊಟಕ್ಕೆ ಐದು ನಿಮಿಷ ತಡವಾದರೂ ತಡೆಯುತ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಶ್ರೀಮತಿಯೇ. "ಮಂತ್ರ ಹೇಳ್ಲಿಕ್ಕೆ ಸೊಂಟ ಯಾಕೆ? ಬಾಯಿ ಸಾಕಲ್ಲ. ಹೋಗಿ ಆ ವಿಶ್ರುತ ಭಟ್ರನ್ನೇ ಹೊತ್ತುಕೊಂಡು ಬನ್ನಿ."

"ಛೆ ಛೆ, ನೋವಲ್ಲಿದ್ದವರಿಗೆ ಯಾಕೆ ತೊಂದರೆ?" ಎಂದ ವಾಸಣ್ಣ, ಸ್ವಲ್ಪ ಗಡಿಬಿಡಿಯಿಂದ.

"ಹಾಗಾದರೆ ನಿಮ್ಮ ಅಪ್ಪನಿಗೆ ನೀವೇ ಹೇಳಿ ಭಾವ, ಮುಂದಿನ ವರ್ಷ ಬನ್ನಿ ಅಂತ."

ಅಲ್ಲಿಗೆ ಮಾತು ಮುಗಿಯಿತು. ರಾಯರು ಪಂಚೆಯುಟ್ಟು, ಶಲ್ಯ ಹೊದ್ದು, ಹಣೆಗೆ ಅಂಗಾರ ಅಕ್ಷತೆ, ಮೈಗೆಲ್ಲ ಗೋಪೀಚಂದನದ ಮುದ್ರೆ ಹಚ್ಚಿಕೊಂಡು ಹೊರಟರು. ಬೆಳಿಗ್ಗೆ ಟೀ ಶರ್ಟಿನಲ್ಲಿ ಕಂಡವನನ್ನು ಈ ವೇಷದಲ್ಲಿ ಯಾರೂ ಗುರುತು ಹಿಡಿಯಲಾರರು. ದನಿಯಿಂದ ಗೊತ್ತಾಗಬಾರದೆಂದು, ಇವತ್ತು ಮೌನ ಎಂದು ಕೈಸನ್ನೆ ಮಾಡುವುದೆಂದು ನಿಶ್ಚಯಿಸಿದರು.

ವಿಶ್ರುತ ಭಟ್ಟರು ಠಾಕುರ್ಲಿಯ ಮನೆಯ ಸೋಫಾದ ಮೇಲೆ ಉದ್ದಕ್ಕೆ ಮಲಗಿದ್ದರು. ಇಪ್ಪತ್ತೇಳರ ಪ್ರಾಯ, ತೋಳು ನೋಡಿದರೆ ಕಂಬ. ಪಾಪದ ಹುಡುಗ, ಒಂದು ಮನೆಯ ಶ್ರಾದ್ಧ ನಿಲ್ಲಬಾರದೆಂದು ಹಲ್ಲು ಕಚ್ಚಿ ಎದ್ದರು. ಆಟೋದಲ್ಲಿ ಪ್ರತಿ ಹೊಂಡಕ್ಕೂ ಅವರು "ಅಯ್ಯಯ್ಯೋ" ಎನ್ನುತ್ತಿದ್ದರು. ರಾಯರು ಪ್ರತಿ "ಅಯ್ಯಯ್ಯೋ"ಗೂ ಒಳಗೇ ಒಂದೊಂದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದರು. ಮೌನ ಚೆನ್ನಾಗಿಯೇ ನಡೆದಿತ್ತು. ಆದರೆ ಸೇತುವೆ ಇಳಿಯುವಾಗ ಆಟೋದವನು ಒಂದು ಕಾಲು ಮಡಚಿ ಸೀಟಿನ ಮೇಲಿಟ್ಟು ಕೂತದ್ದು ಕಂಡಿತು.

"ಅರೆ ಭಾವೂ, ಪೀಠ್ ಸೀದಾ ರಖೋ. ಐಸೇ ಬೈಠೋಗೇ ತೋ ಕಮರ್ ಜಾಯೇಗಾ!"

ಬಾಯಿಂದ ಜಾರಿಹೋಯಿತು. ಪಕ್ಕದಲ್ಲಿ ಭಟ್ಟರು ನಿಧಾನವಾಗಿ ಕತ್ತು ತಿರುಗಿಸಿ ರಾಯರನ್ನು ನೋಡಿದರು. ನೋಡಿ, ಮತ್ತೆ ಕಣ್ಣು ಮುಚ್ಚಿದರು. ರಾಯರು ಉಳಿದ ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡಿದ್ದರು.

ಮನೆ ತಲುಪಿದಾಗ ಬಾಗಿಲು ತೆರೆದವನು ವಾಸಣ್ಣ. ಭಟ್ಟರು ಅವನನ್ನು, ಅವನ ಪ್ಲಾಸ್ಟರನ್ನು ನೋಡುತ್ತ ಹೊಸ್ತಿಲಲ್ಲೇ ನಿಂತರು. "ಬನ್ನಿ ಬನ್ನಿ, ಸ್ನಾನಕ್ಕೆ ನೀರು ನಾನೇ ಕೊಡ್ತೇನೆ. ಯಾರೂ ಬರುವುದು ಬೇಡ" ಎಂದು ವಾಸಣ್ಣ ಅವರನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಿ ಬಾಗಿಲು ಹಾಕಿದ. ಒಂದೇ ಕೈಯಿರುವ ಹಿರಿಯ ಇಷ್ಟು ಉಪಚಾರ ಮಾಡುವುದನ್ನು ಕಂಡು ಶ್ರೀಮತಿಗೂ ಅಚ್ಚರಿಯಾಯಿತು.

ಶ್ರಾದ್ಧ ನಡೆಯಿತು. ಭಟ್ಟರು ಚಾಪೆಯ ಮೇಲೆ ಮಲಗಿ, ಸೊಂಟದಡಿಗೆ ಮಡಚಿದ ಪಂಚೆ ಇಟ್ಟುಕೊಂಡು ಮಂತ್ರ ಹೇಳಿದರು. ಎಡಗಡೆ ಅವರು, ಬಲಗಡೆ ವಾಸಣ್ಣ.

"ಅಂಕಲ್, ಎಡ ಮಂಡಿ ನೆಲಕ್ಕೆ ತಾಗಲಿ. ಬೆನ್ನು ನೇರ. ಉಸಿರು ಹಿಡೀಬೇಡಿ."

"ಕೈ ಓರೆ ಮಾಡು ಸಂಕರ್ಷಣ! ನೀರು ಹೆಬ್ಬೆರಳಿನ ಬದಿಯಿಂದ ಬೀಳಬೇಕು."

"ಜನಿವಾರ ಬಲ ಭುಜಕ್ಕೆ, ಅಂಕಲ್. ಆರಾಮ್ ಸೇ."

"ಎಳ್ಳು ಅಷ್ಟು ಹಾಕುವುದಾ? ಅಪ್ಪನಿಗೆ ಪಿತ್ತ ಇತ್ತು!"

"ನಮಸ್ಕಾರ ಹಾಕುವಾಗ ಸೊಂಟ ಎತ್ತಬೇಡಿ. ಇನ್ನೊಮ್ಮೆ. ಹಾಂ, ಈಗ ಫಾರ್ಮ್ ಬಂತು."

ಎಂಟು ತಿಂಗಳು ಜಿಮ್ಮಿನಲ್ಲಿ ಬಾರದ ಬೆವರು ಆ ಎರಡು ಗಂಟೆಯಲ್ಲಿ ಬಂತು. ಬೇರೆ ದಿನವಾಗಿದ್ದರೆ ರಾಯರು ಒಂದಕ್ಕೆರಡು ಮಾತು ತಿರುಗಿಸುತ್ತಿದ್ದರು. ಇವತ್ತು ತುಟಿ ಪಿಟ್ಟೆನ್ನದೆ ಹೇಳಿದ್ದನ್ನೆಲ್ಲ ಮಾಡಿದರು. ತರ್ಪಣದ ನೀರಿನ ಜೊತೆಗೆ ತಂದೆಯ ಹೆಸರು ಹೇಳುವಾಗ ಅವರ ದನಿ ನಿಜವಾಗಿಯೂ ನಡುಗಿತು.

ಊಟಕ್ಕೆ ಎಲೆ ಹಾಕಿದರು. ಭಟ್ಟರನ್ನು ಗೋಡೆಗೆ ಆನಿಸಿ ಕೂರಿಸಿದ್ದಾಯಿತು. ಶ್ರಾದ್ಧದ ಎಲೆಗೆ ಕೂತ ಬ್ರಾಹ್ಮಣ ಊಟ ಮುಗಿಯುವ ತನಕ ಮಾತಾಡುವಂತಿಲ್ಲ. ಬೇಕು ಬೇಡಗಳೆಲ್ಲ ಕೈಸನ್ನೆಯಲ್ಲೇ. ಶ್ರೀಮತಿ ಪಾಯಸ ಬಡಿಸಿದಳು, ವಡೆ ಬಡಿಸಿದಳು. ಆಗ ವಾಸಣ್ಣ ತಮ್ಮನ ಹೆಗಲ ಮೇಲೆ ಎಡಗೈ ಇಟ್ಟ. ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

"ಅಪ್ಪನಿಗೆ ಮುಟ್ಟಿತು ಮಾರಾಯ. ಚೆನ್ನಾಗಿ ಮಾಡಿದೆ."

ಬಂತು. ಬಂದೇಬಿಟ್ಟಿತು. ಸಂಕರ್ಷಣ ರಾಯರ ಎದೆ ತುಂಬಿ ಬಂತು. ಆದರೆ ತುಂಬಿದ ಎದೆಯಲ್ಲಿ ಪಾಪ ನಿಲ್ಲುವುದಿಲ್ಲ ನೋಡಿ, ಅದೂ ಮೇಲೆ ಬಂತು. ಅಪ್ಪನ ಎಲೆಯ ಮುಂದೆ ನಿಂತು ಸುಳ್ಳು ಹೊತ್ತುಕೊಂಡು ಮೆಚ್ಚುಗೆ ತೆಗೆದುಕೊಳ್ಳುವುದೇ? ಅಣ್ಣನಂಥ ಅಣ್ಣ, ಬೆಳಿಗ್ಗೆ ಆ ಗುರುತಿಲ್ಲದ ಮುದುಕನನ್ನೇ ಕ್ಷಮಿಸಿದವನು, ಒಡಹುಟ್ಟಿದವನನ್ನು ಕ್ಷಮಿಸದೆ ಇರುತ್ತಾನೆಯೇ?

ರಾಯರು ಭಟ್ಟರ ಎಲೆಯ ಮುಂದೆ ಕೈಮುಗಿದು ಕೂತರು. "ಭಟ್ರೇ, ಕ್ಷಮಿಸಬೇಕು. ಬೆಳಿಗ್ಗೆ ಜಿಮ್ಮಿನಲ್ಲಿ ನಿಮ್ಮ ಬೆನ್ನು ಒತ್ತಿದವನು ನಾನೇ."

ಶ್ರೀಮತಿಯ ಕೈಯ ಸೌಟು ನಿಂತಿತು. ಭಟ್ಟರು ಕಣ್ಣರಳಿಸಿ, ಎಡಗೈ ಜೋರಾಗಿ ಆಡಿಸಿ, "ಊಹೂಂ ಊಹೂಂ" ಎಂದು ತಲೆಯಲ್ಲಾಡಿಸತೊಡಗಿದರು. ವಾಸಣ್ಣ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತ. ತಮ್ಮನನ್ನು ನೋಡಿದ, ಭಟ್ಟರನ್ನು ನೋಡಿದ. ಆಮೇಲೆ ಆ ಬಾಯಿಂದ ಗುಡುಗು ಹೊರಟಿತು.

"ನೀನಾ? ಅಪ್ಪನ ತಿಥಿಯ ದಿನ? ಭಟ್ಟರ ಸೊಂಟ ಮುರಿದು ಶ್ರಾದ್ಧ ಮಾಡುವವನು ಈ ಭೂಮಿಯ ಮೇಲೆ ನೀನೊಬ್ಬನೇ! ಶ್ರೀಮತಿ, ಭಟ್ಟರ ಎಲೆ ನೋಡಮ್ಮ, ಅನ್ನ ಬಡಿಸು!"

"ಊಹೂಂ ಊಹೂಂ!" ಎಂದರು ಭಟ್ಟರು.

"ಪಾಯಸ ಕೇಳ್ತಿದ್ದಾರೆ, ಬಡಿಸು. ನಾನು ಇಪ್ಪತ್ತೆರಡು ವರ್ಷ ಮಾಡಿದೆ, ಒಬ್ಬ ಭಟ್ಟರ ಕೂದಲು ಕೊಂಕಿದ್ದುಂಟಾ? ವಡೆ ಹಾಕಮ್ಮ, ಎರಡು ಹಾಕು. ಕೇಳದೆ ಬುದ್ಧಿ ಹೇಳುವ ಈ ಚಾಳಿ ನಿನಗೆ ಎಲ್ಲಿಂದ ಬಂತು? ನಮ್ಮ ಮನೆತನದಲ್ಲೇ ಇಲ್ಲ!"

ಶ್ರೀಮತಿ ಬಡಿಸುವುದೂ ಬೈಯುವುದೂ ಜೊತೆಜೊತೆಗೆ ಮಾಡಿದಳು. "ಬಾಯಿ ಮನೆಯಲ್ಲಿಟ್ಟು ಹೋಗಿ ಅಂದಿದ್ದೆ. ನಾಳೆಯಿಂದ ಜಿಮ್ಮು ಬಂದ್!" ಭಟ್ಟರ ಎಲೆ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ವಾಸಣ್ಣ ಮತ್ತೊಂದು ಬಡಿಸಲು ಹೇಳುತ್ತಿದ್ದ. ಆ ಹುಡುಗ ಅವತ್ತು ಹನ್ನೊಂದು ವಡೆ ತಿಂದ. ಊಟ ಮುಗಿಸಿ ಎದ್ದು ಉಳಿದ ಶಾಸ್ತ್ರವನ್ನು ಪೂರೈಸಿ ಆಶೀರ್ವಾದ ಮಾಡುವಾಗ ಭಟ್ಟರಲ್ಲಿ ಮಾತಾಡುವ ಶಕ್ತಿಯೇ ಉಳಿದಿರಲಿಲ್ಲ. "ಮುಂದಿನ ವರ್ಷದಿಂದ ಠಾಣೆಯಲ್ಲೇ" ಎಂದು ವಾಸಣ್ಣ ತೀರ್ಪು ಕೊಟ್ಟ. ರಾಯರು ತಲೆ ತಗ್ಗಿಸಿದರು.

ಭಟ್ಟರನ್ನು ಬಿಟ್ಟುಬರಲು ರಾಯರೇ ಹೊರಟರು. ಲಿಫ್ಟಿನ ಬಾಗಿಲು ಮುಚ್ಚಿದ್ದೇ ಭಟ್ಟರು ಒಂದು ದೀರ್ಘವಾದ ತೇಗು ತೇಗಿ ಹೇಳಿದರು: "ಅಂಕಲ್, ನೀವ್ಯಾಕೆ ಹಾಗೆ ಹೇಳಿದ್ರಿ? ನಿಮ್ಮಿಂದ ನನಗೆ ಏನೂ ಆಗಿರ್ಲಿಲ್ಲ. ತಣ್ಣಗಿನ ಕೈ ತಾಗಿ ಗಾಬರಿ ಆಯ್ತು, ಅಷ್ಟೇ. ನೀವು ಹೋದ ಮೇಲೆ ನೀವು ಹೇಳಿದ ಹಾಗೇ ಒಂದು ಸೆಟ್ ಮಾಡಿದೆ. ಏಕದಂ ಕರೆಕ್ಟ್! ಬೆನ್ನಿಗೆ ಎಷ್ಟು ಹಗುರ ಆಯ್ತು ಗೊತ್ತಾ?"

"ಮತ್ತೆ ಸೊಂಟ?"

"ಏಳೂಕಾಲಕ್ಕೆ ಇನ್ನೊಬ್ರು ಅಂಕಲ್ ಬಂದ್ರು. ಯಾರನ್ನೋ ಹುಡುಕ್ತಿದ್ರು. ನನ್ನನ್ನು ನೋಡಿ, 'ಯಾರು ನಿನಗೆ ಇದನ್ನು ಕಲಿಸಿದ್ದು, ಪೂರಾ ತಪ್ಪು' ಅಂತ ಎಡಗೈಯಲ್ಲಿ ಸೊಂಟ ಹಿಡಿದು ಒಂದು ಒತ್ತು ಒತ್ತಿದ್ರು. ಕಟಕ್ ಅಂತು. ಎಡಗೈ ಯಾಕೆ ಅಂದ್ರೆ, ಬಲಗೈಗೆ ಪ್ಲಾಸ್ಟರ್ ಇತ್ತು."

ಲಿಫ್ಟು ಕೆಳಗೆ ಮುಟ್ಟಿತು. ರಾಯರು ಹೊರಗೆ ಇಳಿಯಲಿಲ್ಲ. ಅವರ ಮುಖದ ಮೇಲೆ ನಿಧಾನವಾಗಿ ಸೂರ್ಯೋದಯವಾಯಿತು. "ಬನ್ನಿ ಭಟ್ರೇ, ಮೇಲೆ ಬನ್ನಿ. ಇದನ್ನು ಅವಳೆದುರು ಒಂದು ಸಲ ಹೇಳಿ!"

"ಆಗೋದಿಲ್ಲ ಅಂಕಲ್. ಬಚ್ಚಲಲ್ಲಿ ನನ್ನ ಕೈಯಲ್ಲಿ ದರ್ಭೆ ಹಿಡಿಸಿ ಮಾತು ತಗೊಂಡಿದ್ದಾರೆ, ಮನೆಯವರೆದುರು ಹೇಳೋದಿಲ್ಲ ಅಂತ. ಈಗ ನಿಮಗೆ ಹೇಳಿದ್ದೇ ಜಾಸ್ತಿ. ಊಟಕ್ಕೆ ಕೂತಾಗ ನೀವು ಹಾಗೆ ಹೇಳಿದ್ದು ಕೇಳಿ, ಆ ಮಾತು ಮುರಿದಾದ್ರೂ ಹೇಳ್ಬೇಕು ಅಂತಿದ್ದೆ. ಬಾಯಲ್ಲಿ ವಡೆ."

"ಹಾಗಾದರೆ ನಾನೇ ಹೇಳ್ತೇನೆ!"

"ಇವತ್ತು ನೀವು ಕರ್ತೃ ಅಂಕಲ್. ಶ್ರಾದ್ಧ ಮಾಡಿದವನು ಆ ದಿನ ಸಿಟ್ಟು ಮಾಡಬಾರ್ದು, ಜಗಳ ಮಾಡಬಾರ್ದು. ಮಾಡಿದ್ರೆ ಎಲ್ಲಾ ವೇಸ್ಟ್, ತಂದೆಗೆ ಮುಟ್ಟೋದಿಲ್ಲ. ನಾಳೆ ಬೆಳಿಗ್ಗೆ ಹೇಳಿ. ಟೆನ್ಶನ್ ನಕೋ."

ನಾಳೆ ಬೆಳಿಗ್ಗೆ ಯಾರು ನಂಬುತ್ತಾರೆ? ಭಟ್ಟರನ್ನು ಠಾಕುರ್ಲಿಗೆ ಮುಟ್ಟಿಸಿ, ಹೊಟ್ಟೆಯೊಳಗಿನ ಬೆಂಕಿಗೆ ಅಪ್ಪನ ಹೆಸರಿನ ನೀರು ಹಾಕಿಕೊಳ್ಳುತ್ತ ರಾಯರು ಮನೆಗೆ ಬಂದಾಗ, ವಾಸಣ್ಣ ಅವರ ಆರಾಮಕುರ್ಚಿಯಲ್ಲಿ ಕೂತು ಉಡುಪಿಯ ಹರಿಶ್ಚಂದ್ರ ಚಿಕ್ಕಪ್ಪನಿಗೆ ಫೋನು ಮಾಡಿದ್ದ. ಅದು ಏಳನೆಯ ಫೋನಂತೆ, ಶ್ರೀಪ್ರಿಯಾ ಹೇಳಿದಳು.

"ತಗೋ, ಬಂದ. ನೀನೇ ಹೇಳು ಚಿಕ್ಕಪ್ಪನಿಗೆ" ಎಂದು ವಾಸಣ್ಣ ಫೋನು ಚಾಚಿದ.

ರಾಯರು ಫೋನು ತೆಗೆದುಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ಶ್ರೀಮತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಒಂದು ಸಲ ಅಣ್ಣನನ್ನು ನೋಡಿದರು, 'ಅಪ್ಪಾ' ಎಂದು ಒಳಗೇ ಒಮ್ಮೆ ಹೇಳಿಕೊಂಡರು.

"ಹೌದು ಚಿಕ್ಕಪ್ಪ, ನಾನೇ. ಜಿಮ್ಮಿನಲ್ಲಿ. ಬೆನ್ನಿನ ಮೇಲೆ ಬಲಗೈಯಿಟ್ಟು ಒತ್ತಿದೆ..."

"ಬೆನ್ನಲ್ಲ ಮಾರಾಯ, ಸೊಂಟ!" ವಾಸಣ್ಣನಿಗೆ ತಡೆಯಲಾಗಲಿಲ್ಲ. "ಅದೂ ಬಲಗೈಯಲ್ಲಲ್ಲ, ಎಡಗೈಯಲ್ಲಿ. ಮಾಡಿದ ತಪ್ಪನ್ನಾದರೂ ಸರಿಯಾಗಿ ಹೇಳ್ಲಿಕ್ಕೆ ಕಲಿ."

"ಹೌದು ಚಿಕ್ಕಪ್ಪ" ಎಂದರು ಸಂಕರ್ಷಣ ರಾಯರು. "ಎಡಗೈಯಲ್ಲಿ."